ಉಳಿದುಹೋದ ಕೊಂಡಿ

ಒಂದು ಕೊಂಡಿ ಉಳಿಯಿತು.

ಸವಿತಾಳಿಗೆ ಮೊದಲು ತನ್ನ ಕಣ್ಣಿನ ಮೇಲೇ ಅನುಮಾನ ಬಂತು. ರೆಪ್ಪೆ ಬಡಿದು ಮತ್ತೊಮ್ಮೆ ನೋಡಿದಳು. ಬಲಗಡೆಯ ಅಂಚಿನಲ್ಲಿ ಒಂದು ಹಸಿರು ಕೊಂಡಿ ಜೊತೆಯಿಲ್ಲದೆ ನಿಂತಿತ್ತು. ಅದರೊಳಗೆ ತೂರಿಸಬೇಕಾದ ಕೆಂಪು ಎಳೆ ಇರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಕೂತವಳು, ಈಗ ಮಧ್ಯಾಹ್ನ ಮೂರು. ನಡುವೆ ನೀರು ಕುಡಿದಿಲ್ಲ, ಮಾತಾಡಿಲ್ಲ, ಎದ್ದಿಲ್ಲ. ಇಷ್ಟೆಲ್ಲ ತಪಸ್ಸು ಮಾಡಿದ್ದಕ್ಕೆ ದೇವರು ಕೊಟ್ಟ ವರ ಇದು.

ಇಳಕಲ್ ಸೀರೆಯ ಕೆಂಪು ಸೆರಗು ಎಲ್ಲರಿಗೂ ಗೊತ್ತು. ಆದರೆ ಆ ಸೆರಗು ಸೀರೆಯ ಒಡಲಿಗೆ ಹೇಗೆ ಕೂಡಿಕೊಂಡಿತು ಎಂದು ಕೇಳಿ ನೋಡಿ, ನಾಲ್ಕು ದಿಕ್ಕು ನೋಡುತ್ತಾರೆ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಹಾಸು ಎಂದರೆ ನೇಯುವ ಮೊದಲು ಮಗ್ಗದ ಉದ್ದಕ್ಕೆ ಎಳೆದು ಕಟ್ಟುವ ನೂಲು. ಒಡಲಿನ ನೂಲಿನ ತುದಿಗಳನ್ನು ಕೊಂಡಿಯಾಗಿ ಮಡಿಸಿ, ಒಂದೊಂದು ಕೊಂಡಿಯೊಳಗೆ ಸೆರಗಿನ ಒಂದೊಂದು ರೇಷ್ಮೆ ಎಳೆ ತೂರಿಸಿ, ಎರಡು ಹಾಸುಗಳನ್ನು ಒಂದು ಮಾಡಬೇಕು. ಈ ಮನೆಯಲ್ಲಿ ನಲವತ್ತು ಕೊಂಡಿಗೆ ಒಂದು ಕಟ್ಟು, ನಲವತ್ತು ಕಟ್ಟಿಗೆ ಒಂದು ಸೀರೆ. ಹಸಿರು ಎಷ್ಟೋ ಕೆಂಪೂ ಅಷ್ಟೇ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಹಸಿರು ಉಳಿಯಿತೆಂದರೆ ನಡುವೆ ಎಲ್ಲೋ ತಾನೇ ಎಡವಟ್ಟು ಮಾಡಿರಬೇಕು. ಎಲ್ಲಿ? ಮತ್ತೆ ಮೊದಲಿನಿಂದ ಹುಡುಕಬೇಕೆಂದರೆ ಸಂಜೆಯಾಗುತ್ತದೆ. ಮಸೀದಿಗೆ ಹೋದ ಮಗ್ಗದ ಯಜಮಾನ ಅಹ್ಮದಸಾಬರು ಇನ್ನರ್ಧ ತಾಸಿನಲ್ಲಿ ತಿರುಗಿ ಬರುತ್ತಾರೆ.

ಪಕ್ಕದಲ್ಲೇ ಚಾಪೆಯ ಮೇಲೆ ಕೂತಿದ್ದ ಅವರ ಹೆಂಡತಿ ಮಕ್ತುಮಬಿ ಮೆಲ್ಲಗೆ ಕೇಳಿದರು. "ಮುಗೀತೇನವ್ವಾ?"

ಅದು ನಿಜ ಹೇಳುವ ಗಳಿಗೆಯಾಗಿತ್ತು. ಸವಿತಾ ಹೇಳಲಿಲ್ಲ. ಕೊನೆಯ ಕೆಂಪು ಎಳೆಯನ್ನು ಸಡಿಲಿಸಿ, ಅದನ್ನೇ ಎರಡು ಹಸಿರು ಕೊಂಡಿಗಳೊಳಗೆ ಒಟ್ಟಿಗೆ ತೂರಿಸಿ ಬಿಗಿದಳು. ಒಂದು ಎಳೆಗೆ ಎರಡು ಕೊಂಡಿ. ಒಬ್ಬ ಗಂಡನಿಗೆ ಇಬ್ಬರು ಹೆಂಡಿರನ್ನು ಕಟ್ಟಿದ ಹಾಗೆ, ಮೊದಲ ದಿನ ಎಲ್ಲ ಸರಿಯಾಗಿಯೇ ಕಂಡಿತು.

"ಮುಗೀತ್ರಿ ಅಮ್ಮಾ" ಎಂದಳು.

ಇದರಲ್ಲಿ ಇನ್ನೊಂದು ಗುಟ್ಟಿತ್ತು. ಈ ಸೀರೆಯ ಕೊಂಡಿಯನ್ನು ಸವಿತಾ ಮುಟ್ಟಲೇಬಾರದಿತ್ತು.

ಸವಿತಾ ಕೆರೂರಿನವಳು. ಅಪ್ಪ ಹುಲ್ಲಪ್ಪ, ಕುರುಬರ ದೇವರು ಬೀರಪ್ಪನ ಭಕ್ತ, ಕುರಿಯ ಉಣ್ಣೆಯಲ್ಲಿ ಕಂಬಳಿ ನೇಯುವವನು. ಮಗಳು ಬಾಗಲಕೋಟೆಯಲ್ಲಿ ಎರಡು ವರ್ಷ ಗಾರ್ಮೆಂಟ್ಸ್ ಕೆಲಸ ಮಾಡಿದಳು. ಎರಡು ವರ್ಷವೂ ಹೊಲಿದದ್ದು ಅಂಗಿಯ ಕಾಲರ್ ಒಂದನ್ನೇ. ತೋಳು ಯಾರು ಹಚ್ಚುತ್ತಾರೆ, ಗುಂಡಿ ಯಾರು ಹಾಕುತ್ತಾರೆ, ಅರಿವೆ ಎಲ್ಲಿಂದ ಬರುತ್ತದೆ, ಒಂದೂ ಗೊತ್ತಿಲ್ಲ. ಒಂದು ದಿನ ಕತ್ತರಿ ಕೆಳಗಿಟ್ಟು, ನೂಲಿನಿಂದ ಹಿಡಿದು ಮಡಿಕೆಯವರೆಗೂ ಒಂದು ಬಟ್ಟೆ ತಾನೇ ಮಾಡಬೇಕು ಎಂದು ಇಳಕಲ್ಲಿಗೆ ಬಂದು ಅಹ್ಮದಸಾಬರ ಬಾಗಿಲು ಬಡಿದಳು.

ಅಹ್ಮದಸಾಬರಿಗೆ ಅರವತ್ತೆಂಟು. ಕೈಯಲ್ಲಿ ಬಂಗಾರದಂಥ ಕಸುಬು, ಮೂಗಿನ ತುದಿಯಲ್ಲಿ ಸಿಟ್ಟು. ಮನೆಯಲ್ಲಿ ಎರಡು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ನೇಯುವಂಥವು. ಒಂದು ಅವರದು, ಇನ್ನೊಂದು ಮಗಳು ಆಫ್ರೀನಳದು, ಅವಳು ಮದುವೆಯಾಗಿ ಹೋದ ಮೇಲೆ ಖಾಲಿ ಬಿದ್ದಿತ್ತು.

"ಖಾಲಿ ಮಗ್ಗ ಬೇಕಂದ್ರ ಕೈ ತೋರಸ" ಎಂದರು ಅವರು. ಸವಿತಾ ಅಂಗೈ ಚಾಚಿದಳು. ಉಣ್ಣೆ ಎಳೆದು ಎಳೆದು ಒರಟಾದ ಕೈ. "ಈ ಕೈಗೆ ರೇಷ್ಮಿ ಕೊಟ್ರ ಮುಳ್ಳಿನ ಬೋರಿಗಿಡಕ್ಕ ಸೀರಿ ಒಣಾಕಿಧಂಗ ಆಗತೈತಿ" ಎಂದು ಅವಳನ್ನು ಅಡುಗೆಮನೆಗೆ ಅಟ್ಟಿದರು. ಮಕ್ತುಮಬಿ ಮೂರು ವಾರ ಅವಳಿಂದ ಜೋಳದ ಹಿಟ್ಟು ನಾದಿಸಿದರು, ರೊಟ್ಟಿ ತಟ್ಟಿಸಿದರು. ತಾನು ಬಂದದ್ದು ನೇಕಾರಿಕೆ ಕಲಿಯಲಿಕ್ಕೋ ಖಾನಾವಳಿ ಇಡಲಿಕ್ಕೋ ಎಂದು ಸವಿತಾ ಒಳಗೊಳಗೇ ಉರಿದುಕೊಂಡಳು. ನಾಲ್ಕನೆಯ ವಾರ ಹಿಟ್ಟು ನಾದಿ ನುಣುಪಾದ ಅವಳ ಬೆರಳಿಗೆ ರೇಷ್ಮೆ ಎಳೆ ತೊಡರದೆ ಜಾರಿದಾಗ ರೊಟ್ಟಿಯ ಮರ್ಮ ತಿಳಿಯಿತು.

ಅಷ್ಟರಲ್ಲಿ ಬಾದಾಮಿಯ ಅನಿಲಕುಮಾರ ತಂಗಿಯ ಮದುವೆಯ ಸೀರೆಗೆ ಹೇಳಿ ಹೋದ. ಅವರ ಮನೆಯ ಹೆಣ್ಣುಮಕ್ಕಳು ಮೂರು ತಲೆಮಾರಿನಿಂದ ಇದೇ ಮಗ್ಗದ ಸೀರೆಯುಟ್ಟು ಮದುವೆಯ ಅಕ್ಕಿಕಾಳು ಹಾಕಿಸಿಕೊಂಡವರು. ಅಹ್ಮದಸಾಬರು ಸವಿತಾಳನ್ನು ಕರೆದು ಹೇಳಿದ್ದರು. "ಕಂಡಿಕಿ ಸುತ್ತು, ನೋಡು, ಕಲಿ. ಆದ್ರ ಈ ಸೀರಿ ಕೊಂಡಿ ಮಾತ್ರ ಮುಟ್ಟಬ್ಯಾಡ. ಮದುಮಗಳ ಮೈಮ್ಯಾಲೆ ಸೆರಗ ಬಿಚ್ಚಿತಂದ್ರ ಆ ಅಪಶಕುನ ಆಕಿ ಜೀವನಪೂರ್ತಿ ಹೊರಬೇಕಾಗತೈತಿ. ಇದು ಮಕ್ತುಮಬಿ ಕೈಯಾಗ ಆಗೂ ಕೆಲಸ."

ಆದರೆ ಮಕ್ತುಮಬಿಯ ಕಣ್ಣಿಗೆ ಪೊರೆ ಬಂದಿತ್ತು. ಇದನ್ನು ಅವರು ಗಂಡನಿಗೆ ಹೇಳಿರಲಿಲ್ಲ, ಮಗಳಿಗೂ ಹೇಳಿರಲಿಲ್ಲ. ಸೂರ್ಯನ ಬೆಳಕಿದ್ದರೂ ಹಸಿರು ಕೆಂಪು ಎರಡೂ ಹೊಗೆಯೊಳಗಿನ ಬಣ್ಣವಾಗಿದ್ದವು. ಆ ಮನೆಯ ಪದ್ಧತಿಯೇ ಅವರನ್ನು ಇಷ್ಟು ದಿನ ಕಾಪಾಡಿತ್ತು. ಕೊಂಡಿ ಹಾಕುವಾಗ ಯಾರೂ ಮಾತಾಡಬಾರದು, ಆ ಕೋಣೆಗೆ ಯಾರೂ ಕಾಲಿಡಬಾರದು, ಕೂತ ಕೈ ಮುಗಿಸಿಯೇ ಏಳಬೇಕು. ಹಾಗಾಗಿ ಸೋಮವಾರ ಬಾಗಿಲು ಮುಂದೆ ಮಾಡಿಕೊಂಡು ಮಕ್ತುಮಬಿ ಸವಿತಾಳ ಎರಡೂ ಕೈ ಹಿಡಿದು ಬೇಡಿಕೊಂಡಿದ್ದರು.

"ನನ್ನ ಕಣ್ಣ ಹೋಗ್ಯಾವಂತ ಅವರಿಗೆ ಗೊತ್ತಾದ್ರ ಈ ಮನ್ಯಾಗ ನಾ ಬರೇ ರೊಟ್ಟಿ ಮಾಡಾಕಿ ಆಗ್ತೇನಿ. ಐವತ್ತ ವರ್ಷ ಹಾಕಿದ್ದ ಕೊಂಡಿ ಮಣ್ಣಾಗ ಹೋಗತೈತಿ. ನಾ ಕಲಿಸಿದಂಗ ಇದೊಂದ ಸಲ ನೀ ಹಾಕವ್ವಾ. ನಾ ಬಾಜೂಕ ಕುಂದರ್ತೇನಿ."

ಹೀಗೆ ಸವಿತಾ ಮುಟ್ಟಿದ್ದು. ಈಗ ಕೊಂಡಿ ಹರಿದರೆ ಹೆಸರು ಕೆಡುವುದು ಅವಳದಲ್ಲ, ಮಕ್ತುಮಬಿಯದು. ನಿಜ ಹೇಳಿದರೂ ಮಕ್ತುಮಬಿಯದೇ. ಅತ್ತ ದರಿ, ಇತ್ತ ಪುಲಿ.

ಮಂಗಳವಾರ ನೇಯ್ಗೆ ಶುರುವಾಯಿತು. ಮೊದಲು ಒಡಲು, ಕೊನೆಗೆ ಸೆರಗು. ಹಾಸು ಮಗ್ಗದಿಂದ ಕೋಣೆಯ ಆಚೆ ತುದಿಯ ಗೂಟದವರೆಗೆ ಚಾಚಿಕೊಂಡಿತ್ತು. ದೂರದಲ್ಲಿ ಹಸಿರು ಮುಗಿದು ಕೆಂಪು ಶುರುವಾಗುವ ಗೆರೆ. ಅಹ್ಮದಸಾಬರು ನೇಯ್ದ ಅರಿವೆಯನ್ನು ಸುತ್ತಿಕೊಂಡಂತೆಲ್ಲ ಆ ಗೆರೆ ಅವರ ಕಡೆ ಸರಿಯುತ್ತಿತ್ತು. ಅವರ ಮುಂದೆ ಹಣಿಗೆ. ಬಾಚಣಿಗೆಯ ಹಲ್ಲಿನಂಥ ಅದರ ಸಂದುಗಳಲ್ಲಿ ಒಂದೊಂದು ಎಳೆಯೂ ಹಾದು ಬರಬೇಕು. ಒಂಟಿ ಕೊಂಡಿ ನುಸುಳಿ ಬರುತ್ತದೆ. ಜೋಡಿ ಕೊಂಡಿ ಅಲ್ಲಿ ಸಿಕ್ಕಿಕೊಂಡರೆ ಅಕ್ಕಪಕ್ಕದ ಹತ್ತಾರು ಎಳೆಗಳನ್ನೂ ಹರಿದುಕೊಂಡೇ ಹೋಗುತ್ತದೆ. ಹರಿದ ಸೆರಗನ್ನು ಮತ್ತೆ ಜೋಡಿಸುವ ವಿದ್ಯೆ ಇಳಕಲ್ಲಿನಲ್ಲಿಲ್ಲ.

ಸವಿತಾ ಗೋಡೆಗೆ ಆತುಕೊಂಡು ರಾಟಿಯಲ್ಲಿ ಕಂಡಿಕೆ ಸುತ್ತುತ್ತಿದ್ದಳು. ಕಂಡಿಕೆ ಎಂದರೆ ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಕೊಳವೆ. ಲಾಳಿ ಖಟ್ ಎಂದು ಅತ್ತ ಹೋದರೂ ಇತ್ತ ಬಂದರೂ ಅವಳ ಕಣ್ಣು ಮಾತ್ರ ಆ ಕೆಂಪು ಗೆರೆಯ ಮೇಲೆ. ಬುಧವಾರ ಅದು ಕಿಟಕಿ ದಾಟಿತು. ಗುರುವಾರ ಕೋಣೆಯ ನಡುವಿನ ಕಂಬವನ್ನೂ ದಾಟಿ ಹಣಿಗೆಯ ಹತ್ತಿರಕ್ಕೆ ಬಂತು. ಬೇಡದ ಬೀಗರು ಬರುವಾಗ ಬಸ್ಸೂ ಸರಿಯಾದ ಹೊತ್ತಿಗೇ ಬರುತ್ತದಂತೆ.

"ಯಾಕಬೇ, ರಾಟಿ ಅಳಾಕತ್ತೈತಿ?" ಎಂದರು ಅಹ್ಮದಸಾಬರು ತಲೆಯೆತ್ತದೆ.

ಸವಿತಾ ಬೆಚ್ಚಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. "ಏನಿಲ್ರಿ ಅಜ್ಜಾರ, ಎಣ್ಣಿ ಬಿಡ್ತೇನಿ" ಎಂದು ಎದ್ದು ಹೋದಳು. ಎಣ್ಣೆಯ ಡಬ್ಬಿ ಇದ್ದ ಮೂಲೆಯಲ್ಲಿ, ಸೆರಗಿನ ಹಾಸು ಹಾಕುವ ಗೂಟಗಳ ಪಕ್ಕ, ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಎಳೆದ ಸಣ್ಣ ಸಣ್ಣ ಗೀಟುಗಳಿದ್ದವು. ಓಣಿಯ ಹುಡುಗರ ಗೀಚಾಟ ಎಂದುಕೊಂಡು ಅವಳು ಸುಮ್ಮನಾದಳು.

ಅದೇ ದಿನ ಊಟಕ್ಕೆ ಕೂತಾಗ ಅಹ್ಮದಸಾಬರು ರೊಟ್ಟಿ ಮುರಿಯುತ್ತ ಹೇಳಿದರು. "ಸೆರಗಿನ ಹಾಸು ನಾ ಹಾಕ್ತೇನಿ, ಕೊಂಡಿ ಈಕಿ ಹಾಕ್ತಾಳ. ಇವತ್ತಿನತನ ಒಂದ ಎಳಿ ಹೆಚ್ಚ ಕಮ್ಮಿ ಆಗಿಲ್ಲ. ನನ್ನ ಎಣಿಕಿ ತಪ್ಪಿದ ದಿನ ಈ ಕುಣಿ ಮಣ್ಣ ಹಾಕಿ ಮುಚ್ಚಿಬಿಡ್ತೇನಿ ನೋಡು."

ಮಕ್ತುಮಬಿ ಪಲ್ಯ ಬಡಿಸುವ ಕೈ ತಡೆದು, ತಾಟು ಎಲ್ಲಿದೆ ಎಂದು ಬೆರಳಿನಿಂದ ತಡವಿದರು. ಅಹ್ಮದಸಾಬರು ನೋಡಲಿಲ್ಲ. ಸವಿತಾ ನೋಡಿದಳು.

ಶುಕ್ರವಾರ ಮಗ್ಗಕ್ಕೆ ರಜೆ. ಮನೆಯವರು ಏಳುವಷ್ಟರಲ್ಲಿ ಸವಿತಾ ಕೈಚೀಲ ತುಂಬಿಕೊಂಡು ಹುನಗುಂದದ ಬಸ್ಸು ಹತ್ತಿದ್ದಳು. ಹೇಳಿ ಹೋಗುವ ಧೈರ್ಯವಿದ್ದಿದ್ದರೆ ಓಡಿ ಹೋಗುವ ಗರಜೇ ಬೀಳುತ್ತಿರಲಿಲ್ಲ. ನಾಳೆ ಮಧ್ಯಾಹ್ನದೊಳಗೆ ಗೆರೆ ಹಣಿಗೆಗೆ ಬರುತ್ತದೆ. ಆ ಹೊತ್ತಿಗೆ ತಾನು ಕೆರೂರಿನಲ್ಲಿ ಅವ್ವನ ಪಕ್ಕ ಕೂತು ಶೇಂಗಾ ಸುಲಿಯುತ್ತಿರಬೇಕು. ಹರಿಯುವುದನ್ನು ಕಣ್ಣಿಂದ ನೋಡಬಾರದು. ಅಷ್ಟೇ ಅವಳ ಯೋಜನೆ, ಅದೂ ಒಂದು ಯೋಜನೆಯಾದರೆ.

ಹುನಗುಂದದ ಬಸ್ ನಿಲ್ದಾಣದಲ್ಲಿ ಬಾಗಲಕೋಟೆಯ ಬಸ್ಸಿಗೆ ಕಾಯುತ್ತ ಅಪ್ಪನಿಗೆ ಫೋನ್ ಹಚ್ಚಿದಳು. ಬರುತ್ತಿದ್ದೇನೆ ಎಂದು ಹೇಳಲಿಕ್ಕೆಂದು ಹಚ್ಚಿದ್ದು. ಬಾಯಿಗೆ ಬೇರೆಯೇ ಬಂತು.

"ಅಪ್ಪಾ, ಕಂಬಳಿ ನೇಯುವಾಗ ಎಳಿ ತಪ್ಪಿದ್ರ ಏನ ಮಾಡ್ತಿ?"

ಹುಲ್ಲಪ್ಪನ ಹಿಂದೆ ಕುರಿಗಳು ಅರಚುತ್ತಿದ್ದವು. "ಏನ ಮಾಡೂದು? ಕಂಡ ಕೂಡ್ಲೆ ಬಿಚ್ಚೂದು."

"ಅದು ಯಾರಿಗೂ ಕಾಣದಂಗ ಇದ್ರ?"

"ಯಾರಿಗೂ ಅಂದ್ರ? ನಿನಗ ಕಂಡೈತಿಲ್ಲೋ?" ಎಂದು ಹುಲ್ಲಪ್ಪ ಒಂದು ಕುರಿಯನ್ನು ಗದರಿಸಿ ಮುಂದುವರಿಸಿದ. "ನಮ್ಮ ಕಣ್ಣಿಗಿ ಬೀಳದ ತಪ್ಪನ್ನ ಬೀರಪ್ಪ ಕಾಯ್ತಾನ ಮಗಳ. ಕಂಡದ್ದನ್ನ ಅವನ ಹೆಗಲಿಗಿ ಹೊರಸಬಾರದು. ಅವಗೂ ವಯಸ್ಸಾಗೇತಿ. ಉಂಡೇನು?"

ಬಾಗಲಕೋಟೆಯ ಬಸ್ಸು ಬಂತು. ಜನ ನುಗ್ಗಿದರು. ಕಂಡಕ್ಟರ್ "ಹತ್ರಿ ಹತ್ರಿ" ಎಂದ. ಸವಿತಾ ಒಂದು ಕಾಲು ಮೆಟ್ಟಿಲ ಮೇಲಿಟ್ಟಳು. ತಾಟು ತಡವುತ್ತಿದ್ದ ಆ ಮುದುಕಿಯ ಬೆರಳುಗಳು ಕಣ್ಣಿಗೆ ಕಟ್ಟಿದವು. ತಾನು ಹೋದರೆ ನಾಳೆ ಹರಿದ ಎಳೆಗಳ ಮುಂದೆ ಆ ಜೀವ ಒಂದೇ ನಿಲ್ಲಬೇಕು. ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಕಾಲು ಹಿಂದಕ್ಕೆ ತೆಗೆದಳು. ಹಿಂದಿದ್ದ ಹೆಂಗಸು ಬೈದುಕೊಂಡೇ ಹತ್ತಿದಳು.

ತಿರುಗಿ ಬಂದಾಗ ಮಕ್ತುಮಬಿ ಹೊಸ್ತಿಲ ಮೇಲೆ ಕೂತಿದ್ದರು. ಹೆಜ್ಜೆಯ ಸಪ್ಪಳದಿಂದಲೇ ಗುರುತು ಹಿಡಿದರು. ಸವಿತಾ ಅವರ ಕಾಲ ಬಳಿ ಕೂತು ಉಳಿದುಹೋದ ಕೊಂಡಿಯ ಕಥೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು.

"ನಾಳೆ ನಾ ಹೇಳ್ತೇನಿ. ನನ್ನ ಕೈ ತಪ್ಪಂತ ಹೇಳ್ತೇನಿ. ನೀ ಬಾಯಿ ತೆರೀಬ್ಯಾಡ" ಎಂದರು ಮಕ್ತುಮಬಿ.

"ಇಲ್ರಿ ಅಮ್ಮಾ."

"ಹುಚ್ಚಿ, ನಿನಗ ಆ ಖಾಲಿ ಮಗ್ಗ ಸಿಗೂದಿಲ್ಲ."

"ಸಿಗದಿದ್ರ ಬಿಡ್ಲಿ. ನಿಮ್ಮ ಕಣ್ಣಿನ ಸುದ್ದಿ ನಾ ಎತ್ತೂದಿಲ್ಲ. ಆಸೆಕ ಬಿದ್ದು ನಾನ ಕೇಳಿ ಇಸಗೊಂಡೆ ಅಂತೇನಿ."

ಶನಿವಾರ ಬೆಳಿಗ್ಗೆ ಗೆರೆ ಹಣಿಗೆಯಿಂದ ಒಂದು ಮೊಳ ದೂರದಲ್ಲಿತ್ತು. ಅಹ್ಮದಸಾಬರು ಕುಣಿಗೆ ಇಳಿದರು. ಬಿಸ್ಮಿಲ್ಲಾ ಎಂದು ಲಾಳಿ ಎತ್ತಿದರು. ಸವಿತಾ ಎದುರಿಗೆ ಬಂದು ನಿಂತಳು. ಹೇಳಬೇಕೆಂದು ಪೋಣಿಸಿಟ್ಟಿದ್ದ ಮಾತುಗಳೆಲ್ಲ ಉದುರಿಹೋಗಿದ್ದವು. ಲಾಳಿ ಓಡಿತು. ಒಂದು ಗೇಣು. ಮತ್ತೆ ಸುತ್ತಿಕೊಂಡರು. ನಾಲ್ಕು ಬೆರಳು.

"ಅಜ್ಜಾರ, ನಿಂದರ್ರಿ!"

ಅದು ಮಾತಲ್ಲ, ಕೂಗು. ಲಾಳಿ ಹಿಡಿದ ಕೈ ಗಾಳಿಯಲ್ಲೇ ನಿಂತಿತು.

"ಈ ಕೊಂಡಿ ನಾ ಹಾಕೇನ್ರಿ. ಅಮ್ಮನ ಕಾಡಿ ಬೇಡಿ ಇಸಗೊಂಡೆ. ಬಲಗಡೆ ಕಡೀಕ ಒಂದ ಎಳಿಗೆ ಎರಡ ಕೊಂಡಿ ಸಿಕ್ಕಿಸೇನಿ. ಒಂದು ಉಳದಿತ್ರಿ. ನಡುವ ಎಲ್ಲೋ ತಪ್ಪೇನಿ."

ಅಹ್ಮದಸಾಬರ ಮುಖ ಕೆಂಪಡರಿತು. ಅವರು ಬೈಯಲಿಲ್ಲ. ಬೈದಿದ್ದರೆ ಸವಿತಾಳಿಗೆ ಎಷ್ಟೋ ಹಗುರಾಗುತ್ತಿತ್ತು. ಕುಣಿಯಿಂದ ಎದ್ದು ಬಂದು, ಕನ್ನಡಕ ಏರಿಸಿ, ಬಲಗಡೆಯ ಅಂಚಿಗೆ ಬಾಗಿ ಜೋಡಿ ಕೊಂಡಿಯನ್ನು ಉಗುರಿನಿಂದ ಮುಟ್ಟಿ ನೋಡಿದರು. ಆಮೇಲೆ ಹೆಂಡತಿಯ ಕಡೆ ತಿರುಗಿದರು. ಮಕ್ತುಮಬಿ ತಲೆ ತಗ್ಗಿಸಿದ್ದರು.

"ನಡುವ ಒಂದ ತಪ್ಪಿದ್ರ, ಅಲ್ಲಿ ಒಂದ ಕೆಂಪ ಎಳಿ ಕೊಂಡಿ ಇಲ್ಲದ ಜೋತ ಬಿದ್ದಿರಬೇಕು. ಹುಡಕು" ಎಂದರು ಅಹ್ಮದಸಾಬರು.

ಹುಡುಕಾಟ ಎಡಗಡೆಯಿಂದ ಶುರುವಾಯಿತು. ಅವರು ಮೇಲಿನಿಂದ ಎಳೆ ಬಿಡಿಸಿ ನೋಡುವುದು, ಸವಿತಾ ಕೆಳಗಿನಿಂದ ಬೆಳಕು ಹಿಡಿದು ನೋಡುವುದು. ಹತ್ತು ಕಟ್ಟಾಯಿತು, ಇಪ್ಪತ್ತಾಯಿತು. ಒಂದೊಂದು ಹಸಿರಿಗೂ ಒಂದೊಂದು ಕೆಂಪು ಸರಿಯಾಗಿಯೇ ಕೂತಿತ್ತು. ಮೂವತ್ತು, ಮೂವತ್ತೈದು. ಕೊನೆಯ ಜೋಡಿ ಕೊಂಡಿಯವರೆಗೆ ಬಂದು ಮುಟ್ಟಿದರು. ಅನಾಥ ಎಳೆ ಒಂದೂ ಇರಲಿಲ್ಲ.

ಸವಿತಾಳಿಗೆ ಅರ್ಥವಾಗಲಿಲ್ಲ. ಅಹ್ಮದಸಾಬರಿಗೆ ಅರ್ಥವಾಯಿತು. ಅವರು ನಿಧಾನಕ್ಕೆ ಕೋಣೆಯ ಆಚೆ ತುದಿಗೆ ನಡೆದರು. ಅಲ್ಲಿ ಗೂಟದ ಹತ್ತಿರ, ಹಾಸು ಹಾಕುವಾಗ ತಾವೇ ಬಿಳಿ ದಾರದಿಂದ ಬಿಗಿದಿದ್ದ ಸೆರಗಿನ ಕಟ್ಟುಗಳು ಹಾಗೇ ಇದ್ದವು. ಒಂದೊಂದೇ ಕಟ್ಟನ್ನು ಎಣಿಸತೊಡಗಿದರು. ತುಟಿ ಅಲುಗುತ್ತಿತ್ತು, ದನಿಯಿಲ್ಲ. ಇಪ್ಪತ್ತಮೂರನೆಯ ಕಟ್ಟಿಗೆ ಬಂದಾಗ ಎಣಿಸಿದ್ದನ್ನೇ ಮತ್ತೆ ಎಣಿಸಿದರು. ಮೂರನೆಯ ಸಲವೂ ಎಣಿಸಿದರು. ಆಮೇಲೆ ಗೋಡೆಗೆ ಬೆನ್ನು ಹಚ್ಚಿ ಕೂತುಬಿಟ್ಟರು.

"ಮೂವತ್ತೊಂಬತ್ತು."

ಸವಿತಾಳ ಕಣ್ಣು ತಾನಾಗಿ ಅವರ ತಲೆಯ ಮೇಲಿನ ಗೋಡೆಗೆ ಹೋಯಿತು. ಸುಣ್ಣದ ಗೀಟುಗಳು. ಐದೈದಕ್ಕೆ ಒಂದು ಅಡ್ಡಗೆರೆ, ನಡುವೆ ಅಳಿಸಿ ಮತ್ತೆ ಎಳೆದ ಗುರುತು. ಓಣಿಯ ಹುಡುಗರು ಹೀಗೆ ಗೀಚುವುದಿಲ್ಲ. ಎಣಿಕೆ ಮರೆಯುವ ಮನುಷ್ಯ ಗೀಚುತ್ತಾನೆ.

"ಸಲಕಿ ತರ್ರಿ, ಕುಣಿ ಮುಚ್ಚೂಣು" ಎಂದರು ಅಹ್ಮದಸಾಬರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸುತ್ತಿತ್ತು. "ಒಂದ ವರ್ಷ ಆತು. ಮೂವತ್ತರ ಮುಂದ ಹೋದ್ರ ತಲಿ ಮಂಜ ಆಗತೈತಿ. ಗ್ವಾಡಿಗಿ ಗೀಟ ಹಾಕಿ ಹಾಕಿ ನಡಸೇನಿ. ಈ ಹುಡುಗಿ ತಪ್ಪಿಲ್ಲ. ನಂದು."

ಮಕ್ತುಮಬಿ ಗೋಡೆ ಹಿಡಿದುಕೊಂಡು ಬಂದರು. ನಡುವಿನ ಕಂಬಕ್ಕೆ ಭುಜ ತಾಗಿತು, ಸಾವರಿಸಿಕೊಂಡರು. ಗಂಡನ ಹತ್ತಿರ ಕೂತು, ಅವರ ಕೈ ಎಲ್ಲಿದೆಯೆಂದು ನೆಲದ ಮೇಲೆ ತಡವಿ ಹಿಡಿದುಕೊಂಡರು. ಮೊದಲ ಸಲ ಅಹ್ಮದಸಾಬರು ಆ ತಡವುವುದನ್ನು ನೋಡಿದರು.

"ಮಕ್ತುಮ?"

"ಹುಡುಗಿ ಬೇಡಿಲ್ರಿ. ನಾನ ಆಕಿ ಕೈಕಾಲ ಹಿಡದೇನಿ. ರಮಜಾನಕ್ಕಿಂತ ಮೊದಲಿಂದ ನನಗ ಎಳಿ ಕಾಣೂದಿಲ್ಲ. ನಿಮಗ ಹೆಂಗ ಹೇಳಲಿ ಅಂತ ಸುಮ್ಮ ಇದ್ದೆ."

"ನನಗೂ ಹೇಳಬೇಕನಿಸಿತ್ತು" ಎಂದರು ಅಹ್ಮದಸಾಬರು. "ನೀ ನಗತಿ ಅಂತ ಸುಮ್ಮ ಇದ್ದೆ."

ಮಕ್ತುಮಬಿ ನಗಲಿಲ್ಲ. ಅಳಲೂ ಇಲ್ಲ. ಗಂಡನ ಅಂಗೈಯನ್ನು ತಿಕ್ಕುತ್ತ ಕೂತರು. ಸವಿತಾಳಿಗೆ ಅಲ್ಲಿ ನಿಲ್ಲಲೂ ಆಗಲಿಲ್ಲ, ಹೋಗಲೂ ಆಗಲಿಲ್ಲ. ಹಣಿಗೆಯಿಂದ ನಾಲ್ಕು ಬೆರಳು ದೂರದಲ್ಲಿ ಕೆಂಪು ಗೆರೆ ಕಾಯುತ್ತಿತ್ತು. ನಾಳೆ ಅನಿಲಕುಮಾರ ಸೀರೆ ಒಯ್ಯಲು ಬರುತ್ತಾನೆ. ಬಾದಾಮಿಯಲ್ಲಿ ಒಬ್ಬ ಹುಡುಗಿ ಈ ಸೆರಗಿಗೆ ಕಾಯುತ್ತಿದ್ದಾಳೆ. ಬಾಯಿಗೆ ಬಂದದ್ದನ್ನು ಆಡಿಬಿಟ್ಟಳು.

"ಅಜ್ಜಾರ, ಕುಣಿ ಆಮ್ಯಾಲೆ ಮುಚ್ಚೂಣಂತ. ಒಂದ ಕೆಂಪ ಎಳಿ ಕೊಡ್ರಿ ಮೊದಲ."

ಅಹ್ಮದಸಾಬರು ಅವಳನ್ನು ದಿಟ್ಟಿಸಿ ನೋಡಿದರು. ಹಾಗೆ ಆಜ್ಞೆ ಮಾಡಿದವರು ಆ ಮನೆಯಲ್ಲಿ ಈವರೆಗೆ ಅವರೊಬ್ಬರೇ. ಎದ್ದರು. ಪೆಟ್ಟಿಗೆಯಿಂದ ಉಳಿದ ರೇಷ್ಮೆಯ ಲಡಿ ತೆಗೆದು ಒಂದು ಎಳೆ ಬಿಚ್ಚಿ ಕೊಟ್ಟರು. ಸವಿತಾ ಜೋಡಿ ಕೊಂಡಿ ಬಿಡಿಸಿದಳು. ಮಕ್ತುಮಬಿ ಪಕ್ಕದಲ್ಲಿ ಕೂತು, ಬೆರಳ ತುದಿಯಿಂದಲೇ ಕೊಂಡಿಯ ಬಿಗಿ ನೋಡಿ "ಇನ್ನೀಟು ಸಡ್ಲ ಬಿಡು... ಹಾಂ" ಎಂದರು. ಕಣ್ಣಿಗೆ ಕಾಣದ ಎಳೆ ಬೆರಳಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಹೊಸ ಎಳೆ ಹಸಿರು ಕೊಂಡಿಯೊಳಗೆ ಹೊಕ್ಕು, ಮಡಚಿ, ಗೂಟದ ಕಡೆ ಹೋಗಿ ಕಟ್ಟಿಕೊಂಡಿತು.

"ಇನ್ನೊಮ್ಮಿ ಎಲ್ಲಾ ಎಣಸ್ರಿ. ಮೂರೂ ಮಂದಿ" ಎಂದಳು ಸವಿತಾ.

"ಕೊಂಡಿ ಮುಂದ ಮಾತಾಡಬಾರದು" ಎಂದರು ಮಕ್ತುಮಬಿ, ರೂಢಿಯಂತೆ.

"ಮಾತಾಡದ ಹಿಂಗಾತು" ಎಂದರು ಅಹ್ಮದಸಾಬರು. "ಎಣಸು."

ಎಣಿಸಿದರು. ಗೂಟದ ಕಟ್ಟುಗಳನ್ನಲ್ಲ, ಎಡದಿಂದ ಬಲಕ್ಕೆ ಕೊಂಡಿಗಳನ್ನೇ, ನಲವತ್ತಕ್ಕೆ ಒಂದು ಕಟ್ಟಿನಂತೆ, ಗಟ್ಟಿಯಾಗಿ, ಸಾಲಿಯ ಮಕ್ಕಳು ಮಗ್ಗಿ ಹೇಳುವ ಹಾಗೆ. ಓಣಿಯಲ್ಲಿ ಹೋಗುವವರು ಕಿಟಕಿಯಲ್ಲಿ ಇಣುಕಿದರು. ಮೂವತ್ತೊಂಬತ್ತು ಕಟ್ಟು ಸರಿಹೋದವು. ಕೊನೆಯ ಕಟ್ಟು ಬಂತು. ಹೊಸ ಎಳೆ ಇದ್ದದ್ದು ಅದರಲ್ಲೇ, ತುದಿಗೆ. ಮೂವತ್ತಕ್ಕೆ ಮಕ್ತುಮಬಿಯ ದನಿ ಸೋತು ನಿಂತಿತು. ಮೂವತ್ತೈದು ಎಂದರು ಅಹ್ಮದಸಾಬರು, ಸವಿತಾಳ ಬಾಯಿ ನೋಡಿಕೊಂಡು. ಮೂವತ್ತೆಂಟು.

"ಮೂವತ್ತೊಂಬತ್ತು" ಎಂದು ಅವರು ನಿಂತರು. ಅವಳಿಗಾಗಿ ಕಾದರು.

"ನಲವತ್ತು" ಎಂದಳು ಸವಿತಾ.

ಅಹ್ಮದಸಾಬರು ಖಾಲಿ ಮಗ್ಗದ ಕಡೆ ಹೋಗಲಿಲ್ಲ. ತಮ್ಮ ಮಗ್ಗದ ಕುಣಿಯ ಪಕ್ಕ ನಿಂತು, ಲಾಳಿಯನ್ನು ಅವಳ ಕೈಗೆ ಕೊಟ್ಟರು.

"ಇಳಿ. ಸೆರಗ ನೀ ನೇಯಿ. ನಾ ಎಣಸ್ತೇನಿ, ತಪ್ಪಿದ್ರ ಹೇಳು."